ಪ್ಲಾಂಟ್ ಕಟ್ಟಿದರೆ ಸಾಲದು, ಫೋನ್ ಎತ್ತುವವರೂ ಬೇಕು

ಮಾನ್ಯ ಸಂಪಾದಕರೇ,

ಕೆನಡಾದಂಥ ಶ್ರೀಮಂತ ದೇಶದ ಮೂಲನಿವಾಸಿ ಊರುಗಳಲ್ಲಿ ಇನ್ನೂ ನಲ್ಲಿ ನೀರು ಕುಡಿಯುವ ಹಾಗಿಲ್ಲ ಎಂಬ ನಿಮ್ಮ ವರದಿ ಓದಿದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಆಮೇಲೆ ಬಂದ ಓದುಗರ ಪತ್ರಗಳು. ಒಬ್ಬರು ‘ಸರ್ಕಾರ ಕೋಟಿಗಟ್ಟಲೆ ಡಾಲರ್ ಸುರಿದು ನೀರು ಶುದ್ಧ ಮಾಡುವ ಪ್ಲಾಂಟ್ ಕಟ್ಟಿಸಿಕೊಟ್ಟರೂ ಅವರಿಗೆ ನಡೆಸಿಕೊಂಡು ಹೋಗಲು ಬರುವುದಿಲ್ಲ’ ಎಂದು ಬರೆದಿದ್ದರು. ಇನ್ನೊಬ್ಬರು ‘ಇನ್ನಷ್ಟು ಪ್ಲಾಂಟ್ ಕಟ್ಟಿಸಿದರೆ ಮುಗಿಯಿತಲ್ಲ’ ಎಂದಿದ್ದರು. ಮೊದಲನೆಯವರ ಮಾತು ಓದಿ ಸಿಟ್ಟು ಬಂತು. ಎರಡನೆಯವರದು ಒಳ್ಳೆಯ ಮನಸ್ಸಿನ ಮಾತು, ಆದರೆ ಅರ್ಧ ಮಾತು.

ನಾನು ಒಂಟಾರಿಯೊದ ಥಂಡರ್ ಬೇ ಊರಿನಲ್ಲಿ ಇರುವವನು. ಉತ್ತರದ ಫಸ್ಟ್ ನೇಷನ್ (ಮೂಲನಿವಾಸಿ ಸಮುದಾಯಗಳನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಊರುಗಳ ನೀರಿನ ಪ್ಲಾಂಟ್‌ಗಳಲ್ಲಿ ಆಪರೇಟರ್‌ಗಳಿಗೆ ಕೆಲಸದ ಜಾಗದಲ್ಲೇ ತರಬೇತಿ ಕೊಟ್ಟು, ಈಗ ನಿವೃತ್ತನಾಗಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ನಮ್ಮ ಈ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ, ಹಾಗಾಗಿ ಒಮ್ಮೆ ಬಾಯಿ ಬಿಟ್ಟರೆ ನಿಲ್ಲಿಸುವುದು ಕಷ್ಟ.

ಮೊದಲು ಲೆಕ್ಕ. ಒಂದು ಊರಿನ ನೀರಿನ ಮೇಲೆ ‘ಕುದಿಸಿ ಕುಡಿಯಿರಿ’ ಅಥವಾ ‘ಕುಡಿಯಲೇಬೇಡಿ’ ಎಂದು ಹಾಕಿದ ಎಚ್ಚರಿಕೆ ಒಂದು ವರ್ಷ ದಾಟಿದರೆ ಅದನ್ನು ದೀರ್ಘಕಾಲದ ಎಚ್ಚರಿಕೆ ಎಂದು ಲೆಕ್ಕ ಹಿಡಿಯುತ್ತಾರೆ. 2015ರ ನವೆಂಬರ್‌ನಲ್ಲಿ ಅಂಥವು 105 ಇದ್ದವು. 2021ರ ಮಾರ್ಚ್ ಒಳಗೆ ಎಲ್ಲವನ್ನೂ ತೆಗೆಸುತ್ತೇವೆ ಎಂದು ಜಸ್ಟಿನ್ ಟ್ರೂಡೊ ಸರ್ಕಾರ ಮಾತು ಕೊಟ್ಟಿತು. ಆಗಲಿಲ್ಲ. ಆದರೆ ಸುಮ್ಮನೆ ಕೂತರು ಎನ್ನುವುದೂ ಸುಳ್ಳು. ಈವರೆಗೆ 140ಕ್ಕೂ ಹೆಚ್ಚು ಎಚ್ಚರಿಕೆಗಳನ್ನು ತೆಗೆದಿದ್ದಾರೆ. 105 ಇದ್ದದ್ದರಲ್ಲಿ 140 ತೆಗೆದ ಮೇಲೂ ಇನ್ನೂ ಹತ್ತಾರು ಉಳಿದುಕೊಂಡಿವೆ! ಈ ಗಣಿತ ಹೇಗೆ ಅಂತ ಯಾರಾದರೂ ಕೇಳಬೇಕಲ್ವಾ? ಒಂದು ಕಡೆ ತೆಗೆಯುತ್ತಾ ಹೋದ ಹಾಗೆ ಇನ್ನೊಂದು ಕಡೆ ಹೊಸದು ಸೇರಿಕೊಳ್ಳುತ್ತಲೇ ಇರುತ್ತದೆ. ಕಟ್ಟಿದ ಪ್ಲಾಂಟ್ ಕೆಡುತ್ತದೆ, ಕಲಿತ ಆಪರೇಟರ್ ಬಿಟ್ಟುಹೋಗುತ್ತಾನೆ. ನಾನು ಹೇಳಬೇಕೆಂದಿರುವುದು ಇದರ ಬಗ್ಗೆಯೇ.

ಉತ್ತರದ ಕೆರೆಗಳ ನೀರನ್ನು ನೀವು ನೋಡಬೇಕು. ಲೋಟದಲ್ಲಿ ಹಿಡಿದರೆ ತೆಳು ಚಹಾದ ಬಣ್ಣ. ಸುತ್ತಲಿನ ಜೌಗು ನೆಲದಲ್ಲಿ ಸಾವಿರಾರು ವರ್ಷದಿಂದ ಕೊಳೆತ ಪಾಚಿ ಮತ್ತು ಎಲೆಯ ಸಾರವೆಲ್ಲ ನೀರಿಗೆ ಇಳಿದಿರುತ್ತದೆ. ಅದು ತಾನಾಗಿ ವಿಷವಲ್ಲ. ಆದರೆ ಅದಕ್ಕೆ ಕ್ಲೋರಿನ್ ಹಾಕಿದಿರೋ, ಎರಡೂ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ಗುಂಪಿನ ರಾಸಾಯನಿಕಗಳು ಹುಟ್ಟುತ್ತವೆ. ಕೆನಡಾದಲ್ಲಿ ಅದರ ಮಿತಿ ಲೀಟರಿಗೆ 100 ಮೈಕ್ರೋಗ್ರಾಂ. ಕ್ಲೋರಿನ್ ಕಮ್ಮಿ ಹಾಕಿದರೆ ರೋಗಾಣು ಸಾಯುವುದಿಲ್ಲ, ಜಾಸ್ತಿ ಹಾಕಿದರೆ ಈ ಮಿತಿ ದಾಟುತ್ತದೆ. ಹಾಗಾಗಿ ಕ್ಲೋರಿನ್ ಹಾಕುವ ಮುಂಚೆಯೇ ಆ ಬಣ್ಣವನ್ನು ತೆಗೆಯಬೇಕು. ಅದಕ್ಕೆ ಆಲಂ ಥರದ ಪುಡಿ ಅಥವಾ ದ್ರಾವಣ ಹಾಕಿ, ಕೊಳೆಯನ್ನು ಗಂಟುಗಟ್ಟಿಸಿ, ಕೆಳಗೆ ಕೂರಿಸಿ, ಉಳಿದದ್ದನ್ನು ಫಿಲ್ಟರ್‌ನಲ್ಲಿ ಹಿಡಿಯಬೇಕು. ಆಲಂ ಎಷ್ಟು ಹಾಕಬೇಕು ಎನ್ನುವುದು ಪುಸ್ತಕ ನೋಡಿ ಹೇಳುವ ಮಾತಲ್ಲ. ಚಳಿಗಾಲದಲ್ಲಿ ಕೆರೆಯ ಮೇಲೆ ಮಂಜುಗಡ್ಡೆ ಕಟ್ಟಿ, ಒಳಗೆ ಬರುವ ನೀರು ಒಂದೆರಡು ಡಿಗ್ರಿ ಇರುತ್ತದೆ. ಆಗ ಕೊಳೆ ಬೇಗ ಗಂಟುಗಟ್ಟುವುದೇ ಇಲ್ಲ. ಮೇ ತಿಂಗಳಲ್ಲಿ ಮಂಜು ಕರಗಿದಾಗ ನೀರಿನ ಗುಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆಪರೇಟರ್ ಆದವನು ಗಾಜಿನ ಜಾಡಿಗಳ ಸಾಲಿನಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಿ, ಇವತ್ತಿಗೆ ಇಷ್ಟು ಅಂತ ತೀರ್ಮಾನಿಸಬೇಕು. ನಾಳೆ ಮತ್ತೆ ನೋಡಬೇಕು.

ದೊಡ್ಡ ನಗರದ ಪ್ಲಾಂಟ್‌ನಲ್ಲಿ ಇದಕ್ಕೆ ಒಂದು ತಂಡವೇ ಇರುತ್ತದೆ. ಕೆಮಿಸ್ಟ್ ಬೇರೆ, ಎಲೆಕ್ಟ್ರಿಷಿಯನ್ ಬೇರೆ, ಕಂಪ್ಯೂಟರ್ ನೋಡುವವರು ಬೇರೆ. ಮುನ್ನೂರು ಜನರ ಊರಿನಲ್ಲಿ ಒಬ್ಬನೇ ಆಪರೇಟರ್. ಅದೃಷ್ಟ ಇದ್ದರೆ ಇನ್ನೊಬ್ಬ ಸಹಾಯಕ. ಅವನೇ ಪಂಪ್ ಬಿಚ್ಚಬೇಕು, ಅವನೇ ಸ್ಯಾಂಪಲ್ ತೆಗೆಯಬೇಕು, ಒಡೆದ ಪೈಪ್ ಹತ್ತಿರ ಮೈನಸ್ 35 ಡಿಗ್ರಿಯಲ್ಲಿ ಅವನೇ ನೆಲ ಅಗೆಯಬೇಕು. ಊರಿಗೆ ವರ್ಷಪೂರ್ತಿ ಇರುವ ರಸ್ತೆ ಇಲ್ಲ. ಚಳಿಗಾಲದಲ್ಲಿ ಕೆಲವು ವಾರ ಕೆರೆ-ಹೊಳೆಗಳ ಮಂಜುಗಡ್ಡೆಯ ಮೇಲೆ ದಾರಿ ಮಾಡುತ್ತಾರೆ, ವರ್ಷಕ್ಕೆ ಬೇಕಾದ ಭಾರೀ ಸಾಮಾನು ಆಗಲೇ ಬರಬೇಕು. ಉಳಿದ ಕಾಲಕ್ಕೆ ಚಿಕ್ಕ ವಿಮಾನವೇ ಗತಿ. 2024ರಲ್ಲಿ ಚಳಿ ಸರಿಯಾಗಿ ಬೀಳದೆ ಆ ದಾರಿಗಳು ಗಟ್ಟಿಯಾಗಲಿಲ್ಲ, ಊರುಗಳು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

‘ನಡೆಸಲು ಬರುವುದಿಲ್ಲ’ ಎಂದ ಆ ಓದುಗರನ್ನು ಒಂದು ವಾರ ಇಂಥ ಪ್ಲಾಂಟ್‌ನಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿ ನಗು ಬಂತು. ಇರಲಿ.

ಒಂದು ರಾತ್ರಿಯ ಫೋನ್ ಕರೆ ಹೇಳುತ್ತೇನೆ. ಎಲ್ಲ ಪತ್ರಗಳಿಗೂ ಉತ್ತರ ಅದರಲ್ಲೇ ಇದೆ. ನಡುರಾತ್ರಿ ದಾಟಿತ್ತು. ಒಬ್ಬ ಹುಡುಗ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ, ‘ಕ್ಲೋರಿನ್ ರೀಡಿಂಗ್ ಇಳೀತಾನೇ ಇದೆ, ಪಂಪ್ ಓಡ್ತಾ ಇದೆ, ಏನ್ ಮಾಡ್ಲಿ?’ ಅಂದ. ಆ ಪ್ಲಾಂಟ್‌ನಲ್ಲಿ ಬಳಸುವುದು ದ್ರವ ರೂಪದ ಕ್ಲೋರಿನ್, ಸೋಡಿಯಂ ಹೈಪೋಕ್ಲೋರೈಟ್. ಅದು ಇಟ್ಟಲ್ಲೇ ಗ್ಯಾಸ್ ಬಿಡುತ್ತದೆ. ಆ ಗ್ಯಾಸ್ ಡೋಸಿಂಗ್ ಪಂಪಿನ ತಲೆಯಲ್ಲಿ ಸೇರಿಕೊಂಡರೆ ಪಂಪು ಟಕಟಕ ಅನ್ನುತ್ತಲೇ ಇರುತ್ತದೆ, ಒಂದು ಹನಿಯೂ ಮುಂದೆ ಹೋಗುವುದಿಲ್ಲ. ಆ ಪಂಪು ಯಾವ ಮೂಲೆಯಲ್ಲಿದೆ, ಅದರ ಗಾಳಿ ಬಿಡುವ ತಿರುಪು ಯಾವ ಕಡೆ ಇದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಆ ಕೋಣೆಯಲ್ಲಿ ಅವನ ಜೊತೆ ನಿಂತು ಕೆಲಸ ಮಾಡಿದ್ದೆ. ಕೈಗವಸು, ಕನ್ನಡಕ ಹಾಕ್ಕೋ ಅಂದೆ. ತಿರುಪು ಸ್ವಲ್ಪ ಸಡಿಲಿಸು, ಪೈಪಿನಲ್ಲಿ ಗುಳ್ಳೆ ಬರ್ತಾ ಇದೆಯಾ? ಬರ್ತಾ ಇದೆ. ಗುಳ್ಳೆ ನಿಲ್ಲೋ ತನಕ ಕಾಯಿ. ನಿಂತಿತು. ತಿರುಪು ಬಿಗಿ ಮಾಡು. ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡೇ ರೀಡಿಂಗ್ ಏರುವುದನ್ನು ಕಾದೆವು. ಕಾಯುವಾಗ ಅವನು ಹಾಕಿ ಮ್ಯಾಚಿನ ಸ್ಕೋರ್ ಹೇಳಿದ. ಅರ್ಧ ಗಂಟೆಯೊಳಗೆ ಎಲ್ಲ ಸರಿಹೋಯಿತು. ಒಂದು ರೂಪಾಯಿಯಷ್ಟೂ ಖರ್ಚಿಲ್ಲ.

ಆ ಫೋನ್ ಎತ್ತುವವರು ಯಾರೂ ಇಲ್ಲದಿದ್ದರೆ? ಬೆಳಗಾಗುವಷ್ಟರಲ್ಲಿ ಕ್ಲೋರಿನ್ ಇಲ್ಲದ ನೀರು ಮನೆಮನೆಗೂ ಹೋಗಿರುತ್ತಿತ್ತು. ‘ಕುದಿಸಿ ಕುಡಿಯಿರಿ’ ಎಂದು ಎಚ್ಚರಿಕೆ ಹಾಕಬೇಕಾಗುತ್ತಿತ್ತು. ಹಾಕುವುದು ಸುಲಭ, ತೆಗೆಯುವುದು ಕಷ್ಟ. ಪೈಪ್‌ಗಳನ್ನೆಲ್ಲ ತೊಳೆದು, ಒಂದರ ಹಿಂದೆ ಒಂದರಂತೆ ಬೇರೆ ಬೇರೆ ದಿನದ ಸ್ಯಾಂಪಲ್‌ಗಳು ಶುದ್ಧ ಅಂತ ಬರಬೇಕು. ಲ್ಯಾಬಿಗೆ ಹೋಗಬೇಕಾದ ಸ್ಯಾಂಪಲ್ ವಿಮಾನ ಏರಬೇಕು. ಮಂಜು ಮುಸುಕಿ ವಿಮಾನ ಬಾರದಿದ್ದರೆ ಅದರ ಗಡುವು ಮೀರುತ್ತದೆ, ಮತ್ತೆ ಹೊಸದಾಗಿ ತೆಗೆಯಬೇಕು. ಅಷ್ಟರಲ್ಲಿ ಊರಿನವರಿಗೆ ನಲ್ಲಿಯ ಮೇಲೆ ನಂಬಿಕೆ ಹೋಗಿರುತ್ತದೆ. ಒಮ್ಮೆ ಹೋದ ನಂಬಿಕೆ ಲ್ಯಾಬ್ ವರದಿ ಬಂದ ತಕ್ಷಣ ವಾಪಸ್ ಬರುವುದಿಲ್ಲ. ಎಚ್ಚರಿಕೆ ತೆಗೆದ ಮೇಲೂ ಬಾಟಲಿ ನೀರನ್ನೇ ತರಿಸುವ ಅಜ್ಜಿಯರನ್ನು ನಾನು ನೋಡಿದ್ದೇನೆ. ಅವರನ್ನು ತಪ್ಪು ಅನ್ನಲಾರೆ.

ಇದು ಊಹೆಯ ಮಾತಲ್ಲ. 2005ರಲ್ಲಿ ಜೇಮ್ಸ್ ಕೊಲ್ಲಿಯ ಹತ್ತಿರದ ಕಶೆಚೆವಾನ್ ಎಂಬ ಕ್ರೀ ಮೂಲನಿವಾಸಿಗಳ ಊರಿನ ನೀರಿನಲ್ಲಿ ಇ-ಕೊಲೈ ಎಂಬ ರೋಗಾಣು ಸಿಕ್ಕಿತು. ಅಲ್ಲಿ ಪ್ಲಾಂಟ್ ಇತ್ತು. ಆದರೆ ನೀರು ಎತ್ತುವ ಜಾಗವನ್ನು ಊರಿನ ಕೊಳಚೆ ಕೊಳದಿಂದ ಕೆಳಹರಿವಿನಲ್ಲಿ ಇಟ್ಟಿದ್ದರು. ಅದನ್ನು ಅಲ್ಲಿಟ್ಟದ್ದು ಆಪರೇಟರ್ ಅಲ್ಲ! ಅದರ ಮೇಲೆ ಕ್ಲೋರಿನ್ ಹಾಕುವ ಉಪಕರಣವೂ ಕೈಕೊಟ್ಟಿತು. ನೂರಾರು ಜನರನ್ನು ವಿಮಾನದಲ್ಲಿ ಬೇರೆ ಊರುಗಳಿಗೆ ಸಾಗಿಸಬೇಕಾಯಿತು.

ಇನ್ನು ಮೂಲನಿವಾಸಿಗಳಿಗೆ ಮಾತ್ರ ಇದು ಬರುವುದಿಲ್ಲ ಎನ್ನುವವರು ವಾಕರ್‌ಟನ್ ಹೆಸರು ಕೇಳಿರಲಾರರು. ಅದು ದಕ್ಷಿಣ ಒಂಟಾರಿಯೊದ ಒಂದು ಚಿಕ್ಕ ಪಟ್ಟಣ, ಫಸ್ಟ್ ನೇಷನ್ ಅಲ್ಲ. 2000ದ ಮೇ ತಿಂಗಳಲ್ಲಿ ಅಲ್ಲಿನ ಬಾವಿಯೊಂದಕ್ಕೆ ಮಳೆಯಲ್ಲಿ ಸಗಣಿ ಗೊಬ್ಬರದ ನೀರು ಸೇರಿತು. ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ, ದಾಖಲೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು. ಏಳು ಜನ ಸತ್ತರು, 2,300 ಜನ ಕಾಯಿಲೆ ಬಿದ್ದರು. ಆಗ ಆ ಜನರನ್ನು ನೋಡಿ ‘ಇವರಿಗೆ ಪ್ಲಾಂಟ್ ನಡೆಸಲು ಬರುವುದಿಲ್ಲ, ಇವರ ಜಾತಿಯೇ ಇಷ್ಟು’ ಅಂತ ಯಾರೂ ಹೇಳಲಿಲ್ಲ. ನ್ಯಾಯಮೂರ್ತಿ ಡೆನಿಸ್ ಒಕಾನರ್ ಅವರ ವಿಚಾರಣೆ ನಡೆಯಿತು. ಒಂಟಾರಿಯೊ ಪ್ರಾಂತ್ಯ 2002ರಲ್ಲಿ ಕಾಯ್ದೆ ತಂದಿತು. ಆಪರೇಟರ್‌ಗಳಿಗೆ ಪರವಾನಗಿ, ಕಡ್ಡಾಯ ತರಬೇತಿ ಬಂತು. 2004ರಲ್ಲಿ ಅದೇ ವಾಕರ್‌ಟನ್‌ನಲ್ಲಿ ಒಂದು ತರಬೇತಿ ಕೇಂದ್ರವನ್ನೇ ತೆರೆದರು. ಚಿಕ್ಕ ಪಟ್ಟಣಗಳು ಒಂಟಿಯಾಗಿ ಇದನ್ನು ನಿಭಾಯಿಸಲಾರವು, ಬೆನ್ನಿಗೆ ಒಂದು ವ್ಯವಸ್ಥೆ ಬೇಕು ಅಂತ ಎಲ್ಲರಿಗೂ ಅರ್ಥವಾಯಿತು.

ಆದರೆ ಆ ಕಾಯ್ದೆ ರಿಸರ್ವ್, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ಜಮೀನಿನ, ಗಡಿಯಲ್ಲಿ ನಿಂತುಬಿಟ್ಟಿತು. 1867ರ ಸಂವಿಧಾನದ ಪ್ರಕಾರ ಮೂಲನಿವಾಸಿಗಳ ಜಮೀನು ಕೇಂದ್ರ ಸರ್ಕಾರದ ಕೈಯಲ್ಲಿದೆ, ಪ್ರಾಂತ್ಯದ ನೀರಿನ ಕಾಯ್ದೆ ಅಲ್ಲಿ ನಡೆಯುವುದಿಲ್ಲ. ಕೇಂದ್ರ 2013ರಲ್ಲಿ ಒಂದು ಕಾಯ್ದೆ ಮಾಡಿತು. ಜವಾಬ್ದಾರಿ ಊರುಗಳ ತಲೆಗೆ, ಹಣ ಮಾತ್ರ ಇಲ್ಲ, ಎಂದು ಫಸ್ಟ್ ನೇಷನ್‌ಗಳು ಅದನ್ನು ಒಪ್ಪಲಿಲ್ಲ. 2022ರಲ್ಲಿ ಅದನ್ನು ರದ್ದು ಮಾಡಿದರು. 2023ರ ಡಿಸೆಂಬರ್‌ನಲ್ಲಿ ಹೊಸ ಮಸೂದೆ ತಂದರು. 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನ ಮುಗಿಸಿದಾಗ ಅದೂ ಬಿದ್ದುಹೋಯಿತು.

ಕಾಯ್ದೆ ಇಲ್ಲದ ಈ ಜಾಗದಲ್ಲಿ ಕೆಲಸ ನಡೆಸಿಕೊಂಡು ಬಂದದ್ದು ಸರ್ಕ್ಯೂಟ್ ರೈಡರ್ ಎಂದು ಕರೆಯುವ ತರಬೇತುದಾರರು. ಒಬ್ಬೊಬ್ಬರಿಗೆ ಒಂದಷ್ಟು ಊರು. ಊರಿಂದೂರಿಗೆ ಹೋಗುತ್ತಾರೆ, ಆಪರೇಟರ್ ಜೊತೆ ಅವನದೇ ಯಂತ್ರದ ಮುಂದೆ ನಿಂತು ಕಲಿಸುತ್ತಾರೆ, ಪರೀಕ್ಷೆಗೆ ಓದಿಸುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತುತ್ತಾರೆ. ಹಣ ಕೇಂದ್ರದ್ದು, ಆದರೆ ಹಲವು ಕಡೆ ನಡೆಸುವವರು ಮೂಲನಿವಾಸಿಗಳ ಸಂಸ್ಥೆಗಳೇ. ಒಂಟಾರಿಯೊದಲ್ಲಿ ಫಸ್ಟ್ ನೇಷನ್‌ಗಳು 1995ರಲ್ಲೇ ತಮ್ಮದೇ ತಾಂತ್ರಿಕ ಸೇವಾ ಸಂಸ್ಥೆ ಕಟ್ಟಿಕೊಂಡವು. ವಾಯವ್ಯದಲ್ಲಿ ಕೀವೇಟಿನೂಕ್ ಒಕಿಮಾಕನಾಕ್ ಎಂಬ ಬುಡಕಟ್ಟು ಮಂಡಳಿ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ತನ್ನ ಸದಸ್ಯ ಊರುಗಳ ಪ್ಲಾಂಟ್‌ಗಳಿಗೆ ಸೆನ್ಸರ್ ಹಾಕಿತು. ಕ್ಲೋರಿನ್ ಇಳಿದರೆ, ನೀರು ಕದಡಿದರೆ ಊರಿನ ಆಪರೇಟರ್‌ಗೂ ಗೊತ್ತಾಗುತ್ತದೆ, ದೂರದ ಕಚೇರಿಯಲ್ಲಿ ಕೂತ ಅನುಭವಿಗೂ ಗೊತ್ತಾಗುತ್ತದೆ. ಅಲ್ಲಿನ ಎಚ್ಚರಿಕೆಗಳು ಒಂದೊಂದಾಗಿ ತೆಗೆದುಹೋದದ್ದು ಹೊಸ ಕಟ್ಟಡ ಬಂದದ್ದಕ್ಕಲ್ಲ. ಇದ್ದ ಯಂತ್ರವನ್ನೇ ಬೆನ್ನ ಹಿಂದೆ ಜನ ನಿಂತು ಸರಿಯಾಗಿ ನಡೆಸಿದ್ದಕ್ಕೆ.

ಪೂರ್ವ ಕರಾವಳಿಯಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟಿದ್ದಾರೆ. ಅಲ್ಲಿನ ಮಿಗ್ಮಾ ಮತ್ತು ನೆರೆಯ ಸಮುದಾಯಗಳು ಸೇರಿ 2018ರಲ್ಲಿ ಅಟ್ಲಾಂಟಿಕ್ ಫಸ್ಟ್ ನೇಷನ್ಸ್ ವಾಟರ್ ಅಥಾರಿಟಿ ಕಟ್ಟಿದವು. ಮೂಲನಿವಾಸಿಗಳದೇ ಒಡೆತನದ ನೀರು ಸಂಸ್ಥೆ ಕೆನಡಾದಲ್ಲಿ ಇದೇ ಮೊದಲು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ಸುಮಾರು 25.7 ಕೋಟಿ ಡಾಲರ್ ಒಪ್ಪಂದದ ಜೊತೆ ನೀರಿನ ಜವಾಬ್ದಾರಿಯನ್ನು ಅದಕ್ಕೆ ವಹಿಸಿತು. ನನಗೆ ಇಷ್ಟವಾದದ್ದು ಆ ‘ಹತ್ತು ವರ್ಷ’. ವರ್ಷ ವರ್ಷ ಅರ್ಜಿ ಹಾಕಿ ಕಾಯುವ ಕೆಲಸದಲ್ಲಿ ಒಳ್ಳೆಯ ಎಂಜಿನಿಯರ್ ಯಾಕೆ ಉಳಿಯುತ್ತಾನೆ? ಮುಂದಿನ ಏಪ್ರಿಲ್‌ನಲ್ಲಿ ಸಂಬಳ ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತಲೇ ನಮ್ಮಲ್ಲಿ ಹಲವರು ಫೋನ್ ಎತ್ತುತ್ತಿದ್ದೆವು.

ದುಡ್ಡಿನ ವಿಷಯಕ್ಕೆ ಬಂದೆ, ಹೇಳಿಬಿಡುತ್ತೇನೆ. 2020ರ ಕೊನೆಯವರೆಗೂ ಪ್ಲಾಂಟ್ ನಡೆಸುವ ಖರ್ಚಿಗೆ ಒಂದು ಸೂತ್ರ ಇತ್ತು, ಅದರ ಪ್ರಕಾರ ಬಂದ ಮೊತ್ತದಲ್ಲೂ ಕೇಂದ್ರ ಕೊಡುತ್ತಿದ್ದದ್ದು 80 ಶೇಕಡ. ಉಳಿದ 20 ಊರೇ ಹೊಂದಿಸಬೇಕು. ಅಂಗಡಿ ಒಂದೇ ಇರುವ, ತೆರಿಗೆ ಹಾಕಲು ಏನೂ ಇಲ್ಲದ ಊರು ಎಲ್ಲಿಂದ ಹೊಂದಿಸುತ್ತದೆ? ಈಗ ಸೂತ್ರದ ಪೂರ್ತಿ ಮೊತ್ತ ಕೊಡುತ್ತಾರೆ. ಆದರೆ ಮಹಾಲೇಖಪಾಲೆ ಕ್ಯಾರೆನ್ ಹೋಗನ್ 2021ರಲ್ಲಿ ಬರೆದ ವರದಿ ಓದಿ: ಆ ಸೂತ್ರವನ್ನೇ 30 ವರ್ಷದಿಂದ ಪರಿಷ್ಕರಿಸಿರಲಿಲ್ಲ. ಫಸ್ಟ್ ನೇಷನ್ ಊರಿನ ಆಪರೇಟರ್‌ಗೆ ಬೇರೆ ಕಡೆಯವರಿಗಿಂತ ಸುಮಾರು 30 ಶೇಕಡ ಕಡಿಮೆ ಸಂಬಳ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತಿನ ಬಜೆಟ್ ಅಧಿಕಾರಿಯ ಕಚೇರಿ ಲೆಕ್ಕ ಹಾಕಿ, ನಡೆಸುವ ಖರ್ಚಿನಲ್ಲಿ ವರ್ಷಕ್ಕೆ ಸರಾಸರಿ 13.8 ಕೋಟಿ ಡಾಲರ್ ಕೊರತೆ ಇದೆ ಎಂದಿತು.

ಮೂವತ್ತು ಶೇಕಡ ಕಡಿಮೆ ಎಂದರೆ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ಹುಡುಗನಿಗೆ ವರ್ಷಗಟ್ಟಲೆ ಕಲಿಸುತ್ತೇವೆ. ಪರೀಕ್ಷೆ ಪಾಸಾಗುತ್ತಾನೆ, ಊರಿನಲ್ಲಿ ಹಬ್ಬ. ಆಮೇಲೆ ರಸ್ತೆ ಇರುವ ಊರಿನ ನಗರಸಭೆ ಅಥವಾ ಗಣಿ ಕಂಪನಿ ಅವನನ್ನು ಕರೆದುಕೊಳ್ಳುತ್ತದೆ. ಮನೆ, ಮಕ್ಕಳು, ಸಾಲ ಎಲ್ಲ ಇರುವವನು ಹೋಗದೆ ಏನು ಮಾಡುತ್ತಾನೆ? ಹೋಗದೆ ಉಳಿದವರೂ ಇದ್ದಾರೆ, ರಜೆ ಇಲ್ಲದೆ. ಮದುವೆಗೆ ಅಂತ ಊರು ಬಿಟ್ಟು ಹೋಗಬೇಕಾದರೆ ಪ್ಲಾಂಟ್ ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಪ್ರಾದೇಶಿಕ ಸಂಸ್ಥೆ ಗಟ್ಟಿಯಾಗಿದ್ದರೆ ಅಂಥ ಬದಲಿ ಆಪರೇಟರ್‌ನನ್ನು ಕಳಿಸುತ್ತದೆ. ಪೇಪರಿನಲ್ಲಿ ಸುದ್ದಿಯಾಗದ ಇಂಥ ಸಹಾಯವೇ ಒಬ್ಬ ಮನುಷ್ಯನನ್ನು ಆ ಕೆಲಸದಲ್ಲಿ ಉಳಿಸುವುದು.

ಕಟ್ಟುವವರ ಕತೆಯೂ ಒಂದಿದೆ. ಒಂದು ಊರಿನಲ್ಲಿ ಹೊಸ ಪ್ಲಾಂಟ್ ಉದ್ಘಾಟನೆ ಮುಗಿಸಿ, ಫೋಟೊ ತೆಗೆಸಿಕೊಂಡು ಗುತ್ತಿಗೆದಾರರು ಹೊರಟುಹೋದರು. ಕಂಟ್ರೋಲ್ ಪ್ಯಾನಲ್‌ನ ಪಾಸ್‌ವರ್ಡ್ ಮಾತ್ರ ಆಪರೇಟರ್‌ಗೆ ಕೊಡಲಿಲ್ಲ. ಫಿಲ್ಟರ್ ತೊಳೆಯುವ ಸಮಯವನ್ನು ಐದು ನಿಮಿಷ ಬದಲಿಸಬೇಕಾದರೂ ಅವರೇ ದಕ್ಷಿಣದಿಂದ ವಿಮಾನದಲ್ಲಿ ಬರಬೇಕು, ಬಿಲ್ ಕಳಿಸಬೇಕು. ಅಲ್ಲಿದ್ದ ಕೈಪಿಡಿ ಬೇರೆ ಮಾದರಿಯ ಪಂಪಿನದು. ಕಟ್ಟುವ ಮುಂಚೆಯೇ ಪ್ರಾದೇಶಿಕ ತಂಡದ ಎಂಜಿನಿಯರ್ ನಕ್ಷೆ ನೋಡಿದ್ದರೆ, ನೆರೆಯ ಊರುಗಳಲ್ಲಿ ಇರುವ ಪಂಪನ್ನೇ ಇಲ್ಲೂ ಹಾಕಿ, ಒಂದು ಬಿಡಿಭಾಗದ ಪೆಟ್ಟಿಗೆ ನಾಲ್ಕು ಊರಿಗೆ ಆಗುತ್ತದೆ ಅಂತ ಹೇಳುತ್ತಿದ್ದರು. ಪ್ರತಿ ಊರಿಗೂ ಬೇರೆ ಕಂಪನಿ, ಬೇರೆ ಯಂತ್ರ, ಬೇರೆ ಬಿಡಿಭಾಗ ಎಂದಾಗ ನಾವು ಸಹಾಯ ಮಾಡುವುದಾದರೂ ಹೇಗೆ?

ಉತ್ತರ ಒಂಟಾರಿಯೊದ ನೆಸ್ಕಂತಗ ಎಂಬ ಫಸ್ಟ್ ನೇಷನ್ ಊರಿನ ವಿಷಯ ಬರೆಯದೆ ಮುಗಿಸಲಾಗದು. 1995ರ ಫೆಬ್ರುವರಿಯಿಂದ ಅಲ್ಲಿ ನೀರು ಕುದಿಸಿ ಕುಡಿಯುತ್ತಿದ್ದಾರೆ. ಇಡೀ ಕೆನಡಾದಲ್ಲಿ ಅತಿ ಉದ್ದದ ಎಚ್ಚರಿಕೆ ಅದು. 2020ರ ಅಕ್ಟೋಬರ್‌ನಲ್ಲಿ ನೀರಿನ ಟ್ಯಾಂಕ್ ಮೇಲೆ ಎಣ್ಣೆಯ ಪದರ ಕಂಡು, ನೀರೇ ನಿಂತುಹೋಗಿ, ಕೊರೊನಾ ನಡುವೆ ಊರಿಗೆ ಊರೇ ನಮ್ಮ ಥಂಡರ್ ಬೇ ಹೋಟೆಲ್‌ಗಳಿಗೆ ಬಂದು ಸುಮಾರು ಎರಡು ತಿಂಗಳು ಇತ್ತು. ಅಲ್ಲಿ ಹುಟ್ಟಿ, ನಲ್ಲಿ ನೀರು ನೇರ ಕುಡಿಯದೆ ಬೆಳೆದು, ಈಗ ತಮ್ಮ ಮಕ್ಕಳಿಗೆ ಬಾಟಲಿ ನೀರಿನಲ್ಲಿ ಹಾಲುಪುಡಿ ಕಲಸುವ ತಲೆಮಾರು ಇದೆ. ಆ ಊರೂ ಸೇರಿ ಹಲವು ಫಸ್ಟ್ ನೇಷನ್‌ಗಳು ಹೂಡಿದ ಮೊಕದ್ದಮೆಯಲ್ಲಿ 2021ರಲ್ಲಿ 800 ಕೋಟಿ ಡಾಲರ್ ರಾಜಿ ಆಯಿತು. ಅದರಲ್ಲಿ ದೊಡ್ಡ ಪಾಲು, ಕನಿಷ್ಠ 600 ಕೋಟಿ, ನೀರಿನ ಕೆಲಸಕ್ಕೆ ಖರ್ಚು ಮಾಡುವುದಾಗಿ ಕೇಂದ್ರ ಒಪ್ಪಿದೆ. ಆ ಹಣ ಮತ್ತೆ ಬರೀ ಸಿಮೆಂಟಿಗೆ ಹೋಗಬಾರದು ಎನ್ನುವುದೇ ನನ್ನ ತಕರಾರು.

ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಮುಂದಿನ ಸಲ ‘ಇಷ್ಟು ಎಚ್ಚರಿಕೆ ತೆಗೆದರು, ಇಷ್ಟು ಉಳಿದಿವೆ’ ಎಂದು ಬರೆಯುವಾಗ, ತೆಗೆದ ಊರಿನಲ್ಲಿ ಪರವಾನಗಿ ಇರುವ ಆಪರೇಟರ್ ಎಷ್ಟು ಜನ, ಅವರಿಗೆ ರಾತ್ರಿ ಫೋನ್ ಮಾಡಲು ಯಾರಿದ್ದಾರೆ, ಆ ಫೋನ್ ಎತ್ತುವವರ ಸಂಬಳ ಎಷ್ಟು ವರ್ಷಕ್ಕೆ ಖಾತ್ರಿ ಎಂದೂ ಕೇಳಿ ಬರೆಯಿರಿ. ಇನ್ನೊಂದು, ಆ ಲೆಕ್ಕದಲ್ಲಿ ಸ್ವಂತ ಬಾವಿ ಇರುವ ಮನೆಗಳು ಸೇರಿಲ್ಲ, ಅದನ್ನೂ ಒಂದು ಸಾಲು ಸೇರಿಸಿ.

ನಿಮ್ಮ ಓದುಗರಲ್ಲಿ ಹಲವರ ಮಕ್ಕಳು ಪರಿಸರ ಎಂಜಿನಿಯರಿಂಗ್ ಓದಲು ಈ ಕಡೆ ಬರುತ್ತಾರೆ. ಕೆಲವರು ಹೇಗೋ ನನ್ನ ನಂಬರ್ ಹುಡುಕಿ ಕೆಲಸ ಕೇಳುತ್ತಾರೆ. ಟೊರೊಂಟೊದ ಕಂಪನಿಗಳ ಹೆಸರು ಹೇಳುತ್ತೇನೆ ಅಂದುಕೊಂಡಿರುತ್ತಾರೆ, ಪಾಪ. ನಾನು ಬುಡಕಟ್ಟು ಮಂಡಳಿಗಳ ತಾಂತ್ರಿಕ ವಿಭಾಗಗಳಿಗೆ ಅರ್ಜಿ ಹಾಕಿ ಅನ್ನುತ್ತೇನೆ. ಅಲ್ಲಿ ಎಂಜಿನಿಯರ್‌ಗಳ ಕೊರತೆ ಯಾವಾಗಲೂ ಇದೆ. ಎರಡು ಷರತ್ತು ಮಾತ್ರ ಹೇಳಿ ಕಳಿಸುತ್ತೇನೆ. ಊರಿನ ಹುಡುಗನೋ ಹುಡುಗಿಯೋ ಕೂರಬೇಕಾದ ಆಪರೇಟರ್ ಕುರ್ಚಿಯಲ್ಲಿ ನೀವು ಕೂರಬೇಡಿ, ಅವರ ಪಕ್ಕದಲ್ಲಿ ನಿಲ್ಲಿ. ಮತ್ತೆ, ಚಳಿಗಾಲದ ಬೂಟು ಮಾತ್ರ ಅಗ್ಗದ್ದು ಕೊಳ್ಳಬೇಡಿ.

ಇಂತಿ,
ಒಬ್ಬ ಹಳೆಯ ಓದುಗ
ಥಂಡರ್ ಬೇ, ಒಂಟಾರಿಯೊ